ಮೊಸಿನ್-ನಾಗಾಂಟ್ 91/30ಕ್ಕೆ ಸಿಗುವ ಬದಲಿ ಭಾಗಗಳು: ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ

ಸೈನ್ಯ ಕೈಬಿಟ್ಟ, ಪ್ರತಿ ಗುಂಡಿಗೂ ಬೋಲ್ಟ್ ಎಂಬ ಅಗಳಿಯನ್ನು ಕೈಯಿಂದ ಎಳೆದು ತಳ್ಳುವ ಹಳೆಯ ಬೋಲ್ಟ್ ರೈಫಲ್‌ಗಳಲ್ಲಿ ಬದಲಿ ಭಾಗಗಳು ಧಾರಾಳವಾಗಿ ಸಿಗುವವುಗಳ ಪೈಕಿ ಸೋವಿಯತ್ ಕಾಲದ ಮೊಸಿನ್-ನಾಗಾಂಟ್ 91/30 ಒಂದು. ಪಾಲಿಮರ್ ಸ್ಟಾಕ್ (ಭುಜಕ್ಕೆ ಊರಿ ಹಿಡಿಯುವ ಒಡಲು), ಸೇಫ್ಟಿ ಇರುವ ಟ್ರಿಗರ್, ಸ್ಕೋಪ್ ಮೌಂಟ್, ಉದ್ದನೆಯ ಬೋಲ್ಟ್ ಹಿಡಿ, ಒದೆತ ತಗ್ಗಿಸಲು ಬ್ಯಾರೆಲ್ ಬಾಯಿಗೆ ಹಾಕುವ ಮಜಲ್ ಬ್ರೇಕ್ ಎಲ್ಲವೂ ಪೊಟ್ಟಣದಲ್ಲಿ ಬರುತ್ತವೆ. ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿದರೆ ಆಯಿತು ಎಂಬ ಭರವಸೆಯೂ ಜೊತೆಗಿರುತ್ತದೆ. ಆ ಭರವಸೆಯನ್ನು ಪೂರ್ತಿ ನಂಬಬೇಡಿ. ತುಲಾ ಮತ್ತು ಇಜೆವ್ಸ್ಕ್ ಕಾರ್ಖಾನೆಗಳಲ್ಲಿ, ಅದರಲ್ಲೂ 1941ರಿಂದ 1943ರವರೆಗಿನ ಯುದ್ಧದ ಧಾವಂತದಲ್ಲಿ ತಯಾರಾದ ಈ ರೈಫಲ್‌ಗಳಲ್ಲಿ ಒಂದರ ಅಳತೆ ಇನ್ನೊಂದಕ್ಕೆ ಸರಿಯಾಗಿ ಹೊಂದುವುದಿಲ್ಲ. ಯುದ್ಧ ಮುಗಿದ ಮೇಲೆ ದುರಸ್ತಿ ಡಿಪೋಗಳಲ್ಲಿ ಇವನ್ನು ಬಿಚ್ಚಿ, ಭಾಗಗಳನ್ನು ಬೆರೆಸಿ, ಮತ್ತೆ ಜೋಡಿಸಿದ್ದೂ ಇದೆ. ಆದ್ದರಿಂದ ಇಲ್ಲಿ ಪ್ರತಿ ಭಾಗವನ್ನೂ ಎರಡೇ ಪ್ರಶ್ನೆ ಇಟ್ಟುಕೊಂಡು ತೂಗಿದ್ದೇನೆ: ಕೂರಿಸಲು ಎಷ್ಟು ಕೈಕೆಲಸ ಬೇಕು, ಬೇಡವೆನಿಸಿದಾಗ ರೈಫಲ್‌ಗೆ ಗಾಯವಾಗದಂತೆ ವಾಪಸ್ ತೆಗೆಯಬಹುದೇ?

ಕೆಲವು ರೈಫಲ್‌ಗಳ ಮೇಲೆ ಕೈ ಹಾಕಲೇಬಾರದು. ರಿಸೀವರಿನ (ಬೋಲ್ಟ್ ಓಡಾಡುವ ಉಕ್ಕಿನ ಮೈ) ಎಡ ಗೋಡೆಯನ್ನು ಓರೆ ಬೆಳಕಿನಲ್ಲಿ ನೋಡಿ. ತುಂಬಿ ಮುಚ್ಚಿದ ತೂತುಗಳ ಗುರುತು ಕಂಡರೆ ಅದು ಹಿಂದೊಮ್ಮೆ ಪಿಯು ಎಂಬ ಸೋವಿಯತ್ ಸ್ಕೋಪ್ ಹೊತ್ತ ಸ್ನೈಪರ್ ರೈಫಲ್ ಆಗಿರುವ ಸಂಭವ ಹೆಚ್ಚು. ಚೌಕದೊಳಗೆ ‘ಎಸ್‌ಎ’ ಎಂದು ಮುದ್ರೆಯಿದ್ದರೆ ಅದು ಫಿನ್‌ಲೆಂಡ್ ಸೈನ್ಯದ ಸೊತ್ತಾಗಿದ್ದದ್ದು. ಬ್ಯಾರೆಲ್, ಬೋಲ್ಟ್, ಮ್ಯಾಗಜಿನ್ ತಳ, ಬಟ್ ಪ್ಲೇಟ್ (ಸ್ಟಾಕಿನ ಹಿಂತುದಿಯ ಲೋಹದ ತಟ್ಟೆ) ಈ ನಾಲ್ಕರ ಮೇಲೂ ಕಾರ್ಖಾನೆಯಲ್ಲೇ ಒತ್ತಿದ ಒಂದೇ ನಂಬರ್ ಇದ್ದರೂ ಅದನ್ನು ಹಾಗೆಯೇ ಇಟ್ಟುಕೊಳ್ಳಿ. ಇಂಥವನ್ನು ಕೊರೆದು ಕತ್ತರಿಸಿದರೆ ಕಳೆದದ್ದು ಮತ್ತೆ ಬರುವುದಿಲ್ಲ. ಡಿಪೋದಲ್ಲಿ ಹಳೆಯ ನಂಬರಿಗೆ ಗೀಟು ಹಾಕಿ ವಿದ್ಯುತ್ ಲೇಖನಿಯಿಂದ ಹೊಸದು ಗೀಚಿದ, 1930ರ ದಶಕದ ಮಧ್ಯದ ನಂತರದ ದುಂಡು ರಿಸೀವರಿನ ಸಾಮಾನ್ಯ ರೈಫಲ್‌ಗಳೇ ಈ ಕೆಲಸಕ್ಕೆ ಸರಿ.

ಯಾವ ಭಾಗ ಕೊಳ್ಳುವುದಕ್ಕೂ ಮೊದಲು ನಳಿಗೆ (ಬ್ಯಾರೆಲ್) ನೋಡಿ. ಇಲ್ಲಿ ನಾಲ್ಕು ಗಾಡಿಗಳು (ಗುಂಡನ್ನು ತಿರುಗಿಸಲು ಒಳಗೋಡೆಯಲ್ಲಿ ಕೊರೆದ ತೋಡುಗಳು), ಬಲಕ್ಕೆ ತಿರುಗುವ ಸುರುಳಿ, 9.5 ಇಂಚಿಗೆ ಒಂದು ಸುತ್ತು. ಗಾಡಿಯ ಅಳತೆ .310ರಿಂದ .314 ಇಂಚಿನವರೆಗೂ ಸಿಗುತ್ತದೆ. ಮೆತ್ತಗಿನ ಸೀಸದ ಗುಂಡೊಂದಕ್ಕೆ ಎಣ್ಣೆ ಸವರಿ, ಹಿತ್ತಾಳೆ ಕಡ್ಡಿಯಿಂದ ಒಂದು ತುದಿಯಿಂದ ಇನ್ನೊಂದು ತುದಿಗೆ ತಳ್ಳಿ, ಹೊರಬಂದದ್ದನ್ನು ಮೈಕ್ರೋಮೀಟರಿನಲ್ಲಿ ಅಳೆಯಿರಿ. ಗಾಡಿಗಳ ಸಂಖ್ಯೆ ಸಮವಾಗಿರುವುದರಿಂದ ಎದುರುಬದುರು ಅಳತೆ ನೇರವಾಗಿ ಸಿಗುತ್ತದೆ. .312 ಬಂದ ನಳಿಗೆಗೆ .308 ಗುಂಡು ಹಾಕಿ ಅದು ಚದುರಿದಾಗ ಸ್ಟಾಕನ್ನೋ ಸ್ಕೋಪನ್ನೋ ದೂರುವುದರಲ್ಲಿ ಅರ್ಥವಿಲ್ಲ. ಬಾಯಿಯ ಹತ್ತಿರ ಒಳಗೋಡೆ ನುಣುಪಾಗಿ ಅಗಲವಾಗಿದ್ದರೆ ಅದು ಡಿಪೋದ ಕೌಂಟರ್‌ಬೋರ್. ಶುಚಿಕಡ್ಡಿ ಉಜ್ಜಿ ಸವೆದ ಭಾಗವನ್ನು ಕೊರೆದು, ಗಾಡಿ ಚೂಪಾಗಿರುವ ಕಡೆಗೆ ಹೊಸ ತುದಿ ಮಾಡಿರುತ್ತಾರೆ. ಅದು ದೋಷವಲ್ಲ. ಎಷ್ಟೋ ಸಲ ಅಂಥ ನಳಿಗೆಯೇ ಚೆನ್ನಾಗಿ ಹೊಡೆಯುತ್ತದೆ.

ಹೆಚ್ಚು ಮಾರಾಟವಾಗುವ ಭಾಗಗಳಲ್ಲಿ ಉದ್ದನೆಯ ಬೋಲ್ಟ್ ಹಿಡಿಯೂ ಒಂದು. ಬಹುಪಾಲು ಜನರಿಗೆ ಅದು ಬೇಕಿಲ್ಲ. ಹತ್ತಿಪ್ಪತ್ತು ಗುಂಡು ಹಾರಿಸಿದ ಮೇಲೆ ಬೋಲ್ಟ್ ಬಿಗಿಯುವುದಕ್ಕೆ ಕಾರಣ ಹಿಡಿಯ ಗಿಡ್ಡತನವಲ್ಲ, ಚೇಂಬರಿನ (ತೋಟಾ ಕೂರುವ ಜಾಗ) ಗೋಡೆಗೆ ಅಂಟಿಕೊಂಡ ಕಾಸ್ಮೊಲಿನ್ ಎಂಬ ತುಕ್ಕು ತಡೆವ ಗ್ರೀಸ್. ದಶಕಗಳ ಕಾಲ ಗ್ರೀಸಿನಲ್ಲಿ ಮಲಗಿದ್ದ ರೈಫಲ್ ಬಿಸಿಯಾದಾಗ ಆ ಪದರ ಕರಗಿ ತೋಟಾದ ಕೋಶಕ್ಕೆ ಅಂಟು ಹಿಡಿಸುತ್ತದೆ. ಚೇಂಬರಿಗಿಂತ ತುಸು ದಪ್ಪನೆಯ ಕಂಚಿನ ಬ್ರಷ್ಷನ್ನು ಕಡ್ಡಿಗೆ ಸಿಕ್ಕಿಸಿ, ಡ್ರಿಲ್ಲಿನಲ್ಲಿ ನಿಧಾನವಾಗಿ ತಿರುಗಿಸುತ್ತ ಸೀಮೆಎಣ್ಣೆ ಹಾಕಿ ಉಜ್ಜಿ. ಕಂದು ಬಣ್ಣ ಬರುವುದು ನಿಲ್ಲುವವರೆಗೂ ಬಿಡಬೇಡಿ. ಬಟ್ಟೆ ಸುತ್ತಿ ಒರೆಸಿದ ಮೇಲೆ ಟಾರ್ಚ್ ಬಿಟ್ಟು ನೋಡಿದರೆ ಗೋಡೆ ಕನ್ನಡಿಯಂತೆ ಹೊಳೆಯಬೇಕು. ಇಷ್ಟು ಮಾಡಿದ ಮೇಲೂ ಬೋಲ್ಟ್ ಬಿಗಿಯಾಗಿದ್ದರೆ ಮಾತ್ರ ಹಿಡಿಯ ಯೋಚನೆ ಮಾಡಿ.

ಇನ್ನು ಸ್ಟಾಕ್. ಎರಡು ಬಗೆಯವು ಸುಲಭವಾಗಿ ಸಿಗುತ್ತವೆ. ಎಟಿಐ ಕಂಪನಿಯ ಮಾಂಟೆ ಕಾರ್ಲೊ ಮಾದರಿಯ ಪಾಲಿಮರ್ ಸ್ಟಾಕ್ ಹಳೆಯ ಮ್ಯಾಗಜಿನ್ ಮತ್ತು ಟ್ರಿಗರ್ ಗಾರ್ಡನ್ನೇ ಉಳಿಸಿಕೊಳ್ಳುತ್ತದೆ. ಪ್ರೊಮ್ಯಾಗ್‌ನ ಆರ್ಕ್‌ಏಂಜಲ್ ಸ್ಟಾಕ್ ಅವೆರಡನ್ನೂ ತೆಗೆಸಿ, ಕಳಚಿ ಹಾಕುವ 5 ಅಥವಾ 10 ತೋಟಾದ ತನ್ನದೇ ಮ್ಯಾಗಜಿನ್ ಬಳಸುತ್ತದೆ. ಕೆನ್ನೆ ಊರುವ ಭಾಗ, ಭುಜದಿಂದ ಟ್ರಿಗರಿನವರೆಗಿನ ಉದ್ದ ಎರಡನ್ನೂ ಅದರಲ್ಲಿ ಹೊಂದಿಸಬಹುದು. ಸ್ಕೋಪ್ ಹಾಕುವವರಿಗೆ ಈ ಕೆನ್ನೆ ಹೊಂದಾಣಿಕೆ ನಿಜವಾದ ಲಾಭ. ಮೂಲ ಮರದ ಬಟ್ ತಗ್ಗಾಗಿರುವುದರಿಂದ ಎತ್ತರದ ಸ್ಕೋಪಿನಲ್ಲಿ ನೋಡಲು ಗಲ್ಲವನ್ನು ಗಾಳಿಯಲ್ಲಿ ತೇಲಿಸಬೇಕಾಗುತ್ತದೆ. ಆದರೆ ತೂಕ ಇಳಿಯುತ್ತದೆಂದು ನಂಬಿ ಪಾಲಿಮರ್ ಕೊಂಡರೆ ನಿರಾಸೆಯಾದೀತು. ಗಟ್ಟಿಯಾಗಿ ಮಾಡಿದ ಪಾಲಿಮರ್ ಸ್ಟಾಕ್ ಮರಕ್ಕಿಂತ ಹಗುರ ಇರಲೇಬೇಕೆಂದಿಲ್ಲ. ಹಗುರವಾದವು ಮುಂಗೈ ಭಾಗದಲ್ಲಿ ಬಾಗುತ್ತವೆ. ಕೊಳ್ಳುವ ಮುನ್ನ ಮುಂಭಾಗವನ್ನು ಬ್ಯಾರೆಲ್ ಕಡೆಗೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಒತ್ತಿದಾಗ ಬ್ಯಾರೆಲ್ಲಿಗೆ ತಾಗಿದರೆ ಮರಳು ಚೀಲದ ಮೇಲಿಟ್ಟು ಹೊಡೆಯುವಾಗಲೂ ತಾಗುತ್ತದೆ, ಗುರಿ ಅಲ್ಲಿಂದಲೇ ಹಾಳಾಗುತ್ತದೆ.

ಕಳಚುವ ಮ್ಯಾಗಜಿನ್ ತುಂಬುವಾಗ ಒಂದು ಎಚ್ಚರ. ಈ ರೈಫಲ್ ಬಳಸುವ 7.62×54ಆರ್ ತೋಟಾದ ಬುಡದಲ್ಲಿ ಅಂಚು ಚಾಚಿಕೊಂಡಿರುತ್ತದೆ. ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿಗಿಂತ ಮುಂದಿರಬೇಕು. ಹಿಂದೆ ಬಿದ್ದರೆ ಬೋಲ್ಟ್ ತಳ್ಳುವಾಗ ಎರಡೂ ಒಂದಕ್ಕೊಂದು ಸಿಕ್ಕಿಕೊಂಡು ನಿಲ್ಲುತ್ತವೆ. ಮೂಲ ಮ್ಯಾಗಜಿನ್‌ನಲ್ಲಿ ಈ ತೊಡಕನ್ನು ತಡೆಯುವುದು ರಿಸೀವರಿನ ಎಡಬದಿಗೆ ಸ್ಕ್ರೂನಿಂದ ಕೂತ ಇಂಟರಪ್ಟರ್. ಎರಡನೇ ತೋಟಾವನ್ನು ಅದು ಕೆಳಗೆ ಒತ್ತಿ ಹಿಡಿಯುತ್ತದೆ, ಖಾಲಿ ಕೋಶವನ್ನು ಹೊರಗೆಸೆಯುವುದೂ ಅದೇ. ಅದರ ಸ್ಕ್ರೂ ಸಡಿಲವಾಗಿದ್ದರೆ ಯಾವ ಮ್ಯಾಗಜಿನ್ ಹಾಕಿದರೂ ಕೆಲಸ ಕೆಡುತ್ತದೆ.

ನನ್ನ ಮಟ್ಟಿಗೆ ಹೊಸ ಸ್ಟಾಕಿಗಿಂತ ಹಳೆಯ ಮರಕ್ಕೆ ಸರಿಯಾದ ಬೆಡ್ಡಿಂಗ್ (ರೈಫಲ್ ಅಲುಗದೆ ಕೂರುವಂತೆ ಹಾಸು ಕೊಡುವುದು) ಮಾಡಿಸುವುದೇ ಮೇಲು. ಆಕ್ಷನ್ (ರಿಸೀವರ್, ಬೋಲ್ಟ್ ಸೇರಿದ ಭಾಗ) ಹಿಡಿದಿರುವುದು ಎರಡೇ ಸ್ಕ್ರೂ. ಮುಂದಿನದು ಕೆಳಗಿನಿಂದ ಬಂದು ಒದೆತವನ್ನು ಮರಕ್ಕೆ ದಾಟಿಸುವ ರಿಕಾಯಿಲ್ ಲಗ್ಗಿಗೆ ಸೇರುತ್ತದೆ, ಹಿಂದಿನದು ರಿಸೀವರಿನ ಬಾಲದ ಮೇಲಿನಿಂದ ಇಳಿದು ಟ್ರಿಗರ್ ಗಾರ್ಡಿಗೆ ಸೇರುತ್ತದೆ. ಮರ ಒಣಗಿ ಕುಗ್ಗಿದಾಗ ಸ್ಕ್ರೂ ಎಷ್ಟು ಬಿಗಿದರೂ ಮೊದಲು ಒಂದಕ್ಕೊಂದು ತಾಗುವುದು ಮ್ಯಾಗಜಿನ್ನಿನ ಮೇಲಂಚು ಮತ್ತು ರಿಸೀವರ್. ನಡುವಿನ ಮರ ಬಿಗಿಯಾಗುವುದೇ ಇಲ್ಲ. ಪರೀಕ್ಷೆ ಸುಲಭ. ರೈಫಲನ್ನು ನೆಟ್ಟಗೆ ನಿಲ್ಲಿಸಿ, ಬ್ಯಾರೆಲ್ ಮತ್ತು ಮರ ಕೂಡುವ ಜಾಗದಲ್ಲಿ ತೋರುಬೆರಳಿಟ್ಟು, ಮುಂದಿನ ಸ್ಕ್ರೂವನ್ನು ಬಿಗಿದು ಸಡಿಲಿಸಿ. ಬ್ಯಾರೆಲ್ ಅಲುಗುವುದು ಬೆರಳಿಗೆ ತಿಳಿದರೆ ಆಕ್ಷನ್ ಬಾಗುತ್ತಿದೆ ಎಂದರ್ಥ. ಫಿನ್‌ಲೆಂಡಿನವರು ಇದಕ್ಕೆ ತೆಳು ಲೋಹದ ಪಟ್ಟಿಗಳನ್ನು ರಿಸೀವರಿನ ಕೆಳಗಿಟ್ಟು ಪರಿಹಾರ ಕಂಡುಕೊಂಡಿದ್ದರು. ಇವತ್ತಿಗೂ ಅದು ಒಳ್ಳೆಯ ದಾರಿ, ಬೇಡವೆಂದರೆ ಎತ್ತಿ ತೆಗೆದರಾಯಿತು.

ಪೂರ್ತಿ ಕೆಲಸ ಬೇಕೆಂದರೆ ಎಪಾಕ್ಸಿ. ಬ್ರೌನೆಲ್ಸ್‌ನ ಆಕ್ರಾಗ್ಲಾಸ್ ಜೆಲ್ ಈ ರೈಫಲ್‌ಗೆ ಚೆನ್ನಾಗಿ ಒಗ್ಗುತ್ತದೆ. ರಾಳ ಮತ್ತು ಹಾರ್ಡನರ್ ಸಮಪಾಲು ಬೆರೆಸುವುದರಿಂದ ಅಳತೆ ತಪ್ಪುವುದು ಕಡಿಮೆ, ಹಚ್ಚಿದಲ್ಲೇ ನಿಲ್ಲುತ್ತದೆ. ಅದೇ ಹೆಸರಿನ ದ್ರವ ಮಾದರಿಗೆ ನಾಲ್ಕು ಪಾಲಿಗೆ ಒಂದು ಪಾಲು, ಅದು ಹರಿದು ಬೇಡದ ಸಂದಿಗೆಲ್ಲ ಇಳಿಯುತ್ತದೆ. ಲಗ್ಗಿನ ಮುಂದೆ, ಎರಡು ಪಕ್ಕ, ತಳ ಇಷ್ಟಕ್ಕೂ ಎಲೆಕ್ಟ್ರಿಕ್ ಟೇಪ್ ಒಂದು ಪದರ ಅಂಟಿಸಿ. ಅದರ ದಪ್ಪ ಸುಮಾರು 0.18 ಮಿ.ಮೀ., ಬೇಕಾದ ಸಂದಿ ಅಷ್ಟೇ. ಹಿಂಬದಿಗೆ ಟೇಪ್ ಬೇಡ, ಒದೆತ ತಾಗಬೇಕಾದದ್ದು ಅಲ್ಲೇ. ಸ್ಕ್ರೂ ತೂತು, ಟ್ರಿಗರ್ ಸಂದಿ ಎಲ್ಲವನ್ನೂ ಮಕ್ಕಳ ಆಟದ ಜೇಡಿಮಣ್ಣಿನಿಂದ ಮುಚ್ಚಿ. ಲೋಹದ ಮೇಲೆ, ಸ್ಕ್ರೂವಿನ ಮರೆಗಳ (ಸುರುಳಿ ಗೆರೆಗಳ) ಮೇಲೂ, ಮೇಣ ಎರಡು ಕೈ ಹಚ್ಚಿ. ಇದೊಂದು ಮರೆತರೆ ಸ್ಟಾಕೂ ರೈಫಲೂ ಒಂದೇ ತುಂಡಾಗುತ್ತವೆ. ಲಗ್ಗಿನ ಹಿಂಭಾಗ, ಅದರ ಹಿಂದಿನ ಚಪ್ಪಟೆ ಜಾಗ, ಬಾಲದ ಕೆಳಗೆ ಇಷ್ಟಕ್ಕೇ ಎಪಾಕ್ಸಿ ಹಾಕಿ ರೈಫಲ್ ಕೂರಿಸಿ. ಸ್ಕ್ರೂಗಳನ್ನು ಬೆರಳಿನಲ್ಲಿ ತಿರುಗಿಸಿದಷ್ಟೇ ಸಾಕು. ಬಲವಾಗಿ ಬಿಗಿದರೆ ಬಾಗಿದ ಸ್ಥಿತಿಯಲ್ಲೇ ಅಚ್ಚು ಬಿದ್ದು ಪಟ್ಟ ಶ್ರಮವೆಲ್ಲ ವ್ಯರ್ಥ. ಉಕ್ಕಿ ಬಂದದ್ದು ರಬ್ಬರಿನ ಹದಕ್ಕೆ ಬಂದಾಗ ಪ್ಲಾಸ್ಟಿಕ್ ಚಾಕುವಿನಿಂದ ಕೆತ್ತಿ ತೆಗೆಯಿರಿ, 24 ಗಂಟೆ ಮುಟ್ಟಬೇಡಿ, ಆಮೇಲೆ ಬ್ಯಾರೆಲ್ಲಿಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿ ಬಿಡಿಸಿ.

ಟ್ರಿಗರ್ ವಿಷಯಕ್ಕೆ ಬಂದರೆ, ಮೂಲದ್ದರಲ್ಲಿ ಇರುವುದು ಟ್ರಿಗರ್, ಅದರ ಪಿನ್, ಸಿಯರ್ (ಟ್ರಿಗರ್ ಎಳೆಯುವವರೆಗೂ ಫೈರಿಂಗ್ ಪಿನ್ ಬೀಳದಂತೆ ಹಿಡಿಯುವ ಕೊಕ್ಕೆ) ಆಗಿಯೂ ಕೆಲಸ ಮಾಡುವ ಚಪ್ಪಟೆ ಸ್ಪ್ರಿಂಗ್, ಅದನ್ನು ಹಿಡಿಯುವ ಒಂದು ಸ್ಕ್ರೂ, ಇಷ್ಟೇ. ಗಟ್ಟಿಮುಟ್ಟು, ಆದರೆ ಎಳೆತ ಉದ್ದ, ಒರಟು. ಸಿಯರ್ ಮತ್ತು ಬೋಲ್ಟಿನ ಹಿಂತುದಿಯ ಕಾಕಿಂಗ್ ಪೀಸ್ ಒಂದಕ್ಕೊಂದು ತಾಗುವ ಮುಖಗಳನ್ನು ನುಣುಪು ಕಲ್ಲಿನ ಮೇಲೆ ಎಣ್ಣೆ ಹಾಕಿ ತಿಕ್ಕಿದರೆ ಒರಟುತನ ಹೋಗುತ್ತದೆ. ಉಪಕರಣದ ಗೆರೆಗಳು ಮಾಯವಾದ ಕೂಡಲೇ ನಿಲ್ಲಿಸಿ. ಕೋನ ಬದಲಾಗಬಾರದು, ಮೇಲಿನ ಗಟ್ಟಿ ಪದರ ತೆಳು, ಅದು ಹೋದರೆ ಒಳಗಿನ ಮೆತು ಲೋಹ ಬೇಗ ಸವೆಯುತ್ತದೆ. ಸ್ಪ್ರಿಂಗ್ ಮತ್ತು ರಿಸೀವರ್ ನಡುವೆ ತೆಳು ಹಿತ್ತಾಳೆ ಹಾಳೆ ಇಟ್ಟು ಸಿಯರಿನ ಹಿಡಿತ ಕಡಿಮೆ ಮಾಡುವ ಪದ್ಧತಿಯೂ ಇದೆ. ಇದು ಎಳೆತ ಕಡಿಮೆ ಮಾಡುವುದು ನಿಜ. ಆದರೆ ಹಿಡಿತ ಬೇಕಾದ್ದಕ್ಕಿಂತ ಒಂದು ಕೂದಲೆಳೆಯಷ್ಟು ಕಡಿಮೆಯಾದರೂ ರೈಫಲ್ ತಾನಾಗಿಯೇ ಹಾರಬಹುದು. ಅನುಭವವಿಲ್ಲದವರು ಇದನ್ನು ಬಂದೂಕು ಮೆಕ್ಯಾನಿಕ್‌ಗೇ ಬಿಡಬೇಕು.

ಟಿಮ್ನಿ ಕಂಪನಿಯ ಟ್ರಿಗರ್ ನಾನು ಧೈರ್ಯವಾಗಿ ಹೇಳುವ ಖರೀದಿ. ಎಳೆತ ಹಗುರ, ಬಿಡುಗಡೆ ಚೊಕ್ಕ, ರಿಸೀವರಿಗೆ ಡ್ರಿಲ್ ತಾಗಿಸಬೇಕಿಲ್ಲ. ಎಲ್ಲಕ್ಕಿಂತ ಮುಖ್ಯ, ಬೆರಳಿಗೆ ಸಿಗುವ ಸೇಫ್ಟಿ ಇದೆ. ಮೂಲ ರೈಫಲ್‌ನಲ್ಲಿ ಕಾಕಿಂಗ್ ಪೀಸಿನ ಗುಬ್ಬಿಯನ್ನು ಹಿಂದಕ್ಕೆಳೆದು ಎಡಕ್ಕೆ ಹೊರಳಿಸಬೇಕು. ಅದಕ್ಕೆ ಬೇಕಾಗುವ ಬಲ ನೋಡಿ ಅನೇಕರು ಆ ಸೇಫ್ಟಿಯನ್ನು ಬಳಸುವುದೇ ಇಲ್ಲ. ಆದರೆ ಮರದ ಸ್ಟಾಕಿನಲ್ಲಿ ಹೊಸ ಟ್ರಿಗರಿನ ಮೈಗೂ ಸೇಫ್ಟಿ ಕಡ್ಡಿಗೂ ಜಾಗ ಕೆತ್ತಲೇಬೇಕು. ಟ್ರಿಗರಿನ ಹೊರಮೈಗೆ ದೀಪದ ಮಸಿ ಸವರಿ, ಸ್ಟಾಕಿನೊಳಗೆ ಇಳಿಸಿ ಎತ್ತಿ. ಮಸಿ ಅಂಟಿದ ಕಡೆ ಮಾತ್ರ ಸಣ್ಣ ಉಳಿಯಿಂದ ತೆಳುವಾಗಿ ಕೆತ್ತಿ, ಮತ್ತೆ ಇಳಿಸಿ. ಅವಸರದಲ್ಲಿ ಒಮ್ಮೆಗೇ ದೊಡ್ಡ ಗುಂಡಿ ತೋಡಿದರೆ ಬಾಲದ ಸ್ಕ್ರೂ ಪಕ್ಕದ ಮರ ತೆಳುವಾಗಿ ಸೀಳುತ್ತದೆ. ಸೇಫ್ಟಿ ಕಡ್ಡಿ ಎರಡೂ ತುದಿಗೆ ಮರಕ್ಕೆ ತಾಗದೆ ಹೋಗಬೇಕು. ಅರ್ಧ ದಾರಿಯಲ್ಲಿ ನಿಂತ ಸೇಫ್ಟಿ ಇಲ್ಲದ ಸೇಫ್ಟಿಗಿಂತ ಅಪಾಯ.

ಟ್ರಿಗರ್ ಮುಟ್ಟಿದ ಮೇಲೆ ತೋಟಾ ಮುಟ್ಟುವ ಮುಂಚೆ ಪರೀಕ್ಷೆ ಮಾಡಲೇಬೇಕು. ಖಾಲಿ ರೈಫಲ್ ಎಂದು ಕಣ್ಣು, ಬೆರಳು ಎರಡರಿಂದಲೂ ಖಚಿತಪಡಿಸಿಕೊಳ್ಳಿ. ಬೋಲ್ಟನ್ನು ಜೋರಾಗಿ ತಳ್ಳಿ ಮುಚ್ಚಿ, ಹೀಗೆ ಇಪ್ಪತ್ತು ಸಲ. ಸೇಫ್ಟಿ ಹಾಕಿ ಟ್ರಿಗರ್ ಎಳೆಯಿರಿ, ಬಿಡಿ, ಸೇಫ್ಟಿ ತೆಗೆಯಿರಿ. ಸ್ಟ್ರೈಕರ್ (ಫೈರಿಂಗ್ ಪಿನ್) ಆಗ ಬೀಳಬಾರದು. ಕಾಕ್ ಮಾಡಿದ (ಹಾರಲು ಸಜ್ಜಾದ) ಸ್ಥಿತಿಯಲ್ಲಿ ಬಟ್ಟಿಗೆ ರಬ್ಬರ್ ಸುತ್ತಿಗೆಯಿಂದ ಎಲ್ಲ ದಿಕ್ಕಿನಿಂದ ಹೊಡೆಯಿರಿ. ಒಂದೇ ಸಲ ಬಿದ್ದರೂ ಅದು ನಪಾಸು. ಕೊನೆಗೆ ಬೋಲ್ಟನ್ನು ಬಲವಾಗಿ ಹಿಂದಕ್ಕೆಳೆಯಿರಿ. ಈ ರೈಫಲ್‌ನಲ್ಲಿ ಬೋಲ್ಟನ್ನು ತಡೆಯುವುದೂ ಟ್ರಿಗರಿನ ಮೇಲ್ತುದಿಯೇ. ಅದು ತಗ್ಗಿದ್ದರೆ ಬೋಲ್ಟ್ ಕೈಗೇ ಬರುತ್ತದೆ.

ಬೋಲ್ಟ್ ಬಿಚ್ಚಿ ಮತ್ತೆ ಜೋಡಿಸಿದಾಗ ಫೈರಿಂಗ್ ಪಿನ್ ಎಷ್ಟು ಹೊರಗೆ ಚಾಚಿದೆ ಎಂದು ನೋಡಲು ಮೂಲ ಉಪಕರಣದಲ್ಲೇ 75 ಮತ್ತು 95 ಎಂಬ ಎರಡು ಕಚ್ಚುಗಳಿವೆ. ಪಿನ್ 95ರ ಕಚ್ಚಿನಲ್ಲಿ ತಾಗದೆ ಹೋಗಬೇಕು, 75ರಲ್ಲಿ ತಾಗಬೇಕು. ಮಿಲಿಮೀಟರಿನಲ್ಲಿ 1.9ರಿಂದ 2.4. ಕಡಿಮೆಯಾದರೆ ತೋಟಾ ಹಾರುವುದಿಲ್ಲ, ಹೆಚ್ಚಾದರೆ ಪ್ರೈಮರ್ (ತೋಟಾದ ಬುಡದಲ್ಲಿ ಕಿಡಿ ಹಚ್ಚುವ ಬಟ್ಟಲು) ತೂತಾಗಿ ಅನಿಲ ಮುಖದ ಕಡೆಗೆ ಬರುತ್ತದೆ. ಬೋಲ್ಟಿನ ತಲೆ ಬಿಡಿ ತುಂಡು. ಅದನ್ನು ಬದಲಿಸಿದ್ದರೆ ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟಿನ ಮುಂದೆ ತೋಟಾಗೆ ಸಿಗುವ ಜಾಗ) ಅಳೆಯುವ ಗೇಜ್ ಹಾಕದೆ ಗುಂಡು ಹಾರಿಸುವ ಮಾತೇ ಬೇಡ.

ಸ್ಕೋಪ್ ಮೌಂಟುಗಳಲ್ಲಿ ಎರಡು ಪಂಗಡ. ಬ್ರಾಸ್ ಸ್ಟ್ಯಾಕರ್‌ನಂಥವು ಹಿಂದಿನ ಗುರಿಪಟ್ಟಿ ತೆಗೆದು ಅದರ ಪೀಠದ ಮೇಲೆ ಕೂರುತ್ತವೆ. ಪಟ್ಟಿಯ ಕೆಳಗಿನ ಸ್ಪ್ರಿಂಗ್ ಬಲವಾದದ್ದು. ಪಟ್ಟಿಯನ್ನು ಮರದ ತುಂಡಿಟ್ಟು ಕ್ಲ್ಯಾಂಪಿನಿಂದ ಒತ್ತಿಹಿಡಿದು ಪಿನ್ ಹೊಡೆದರೆ ಸುಲಭವಾಗಿ ಬರುತ್ತದೆ, ಬರಿಗೈಯಲ್ಲಿ ಒತ್ತಿದರೆ ಪಿನ್ ಬಾಗುತ್ತದೆ. ಪೀಠವನ್ನೇ ಕಿತ್ತು ಹಾಕಬೇಡಿ, ಅದು ಬೆಸುಗೆ ಮತ್ತು ಪಿನ್‌ಗಳಿಂದ ಬ್ಯಾರೆಲ್ಲಿಗೆ ಕೂತಿರುತ್ತದೆ. ಈ ಮೌಂಟಿಗೆ ಕಣ್ಣಿನಿಂದ 23ರಿಂದ 30 ಸೆಂ.ಮೀ. ದೂರದಲ್ಲಿ ನೋಡುವ ಸ್ಕೌಟ್ ಸ್ಕೋಪೇ ಬೇಕು. ಸಾಮಾನ್ಯ ಸ್ಕೋಪ್ ಹಾಕಿದರೆ ಕಪ್ಪು ಉಂಗುರದ ನಡುವೆ ಒಂದು ಚುಕ್ಕೆ ಕಾಣುತ್ತದಷ್ಟೆ. ಬೋಲ್ಟ್ ಹಿಡಿ ನೆಟ್ಟಗೇ ಇರಬಹುದು, ಮೇಲಿನಿಂದ ಕ್ಲಿಪ್ಪಿನಲ್ಲಿ ತೋಟಾ ತುಂಬಬಹುದು, ಬೇಡವೆಂದರೆ ಪೂರ್ತಿ ವಾಪಸ್. ಕೊರತೆ ಒಂದೇ: ಬ್ಯಾರೆಲ್ ಬಿಸಿಯಾದಾಗ ಸ್ಕೋಪಿನ ಎದುರೇ ಬಿಸಿಲ್ಗುದುರೆಯಂತೆ ಗಾಳಿ ನಡುಗುತ್ತದೆ. ಐದೈದು ಗುಂಡಿಗೆ ಬಿಡುವು ಕೊಡಿ.

ಎರಡನೆಯದು ರಿಸೀವರಿಗೇ ಕೊರೆದು ಮರೆ ಹಾಕಿ ಕೂರಿಸುವ ಮೌಂಟ್. ಬಿಗಿತದಲ್ಲಿ ಇದಕ್ಕೆ ಸಾಟಿಯಿಲ್ಲ. 1942ರಿಂದ 91/30ರ ಮೇಲೆ ಬಂದ 3.5 ಪಟ್ಟು ದೊಡ್ಡದಾಗಿ ತೋರಿಸುವ ಪಿಯು ಸ್ಕೋಪ್ ಕೂಡ ಹೀಗೆಯೇ ಎಡಬದಿಗೆ ಕೂತಿತ್ತು. ಆದರೆ ಸ್ಕೋಪ್ ರಿಸೀವರಿನ ಮೇಲೆ ಬಂದ ಮೇಲೆ ನೆಟ್ಟನೆ ಹಿಡಿ ಅದಕ್ಕೆ ಬಡಿಯುತ್ತದೆ. ಹಿಡಿ ಕತ್ತರಿಸಿ ಬಾಗಿದ್ದನ್ನು ಬೆಸೆಯಬೇಕು, ಬೆಸೆಯುವಾಗ ಬೋಲ್ಟಿನ ಹಿಂಭಾಗದ ಕ್ಯಾಮ್ ಮೇಲ್ಮೈಗೆ ಬಿಸಿ ಹೋಗದಂತೆ ಶಾಖ ತಡೆವ ಪೇಸ್ಟ್ ಹಚ್ಚಬೇಕು, ಸ್ಟಾಕಿನಲ್ಲಿ ಹಿಡಿಗೆ ಜಾಗ ಕೆತ್ತಬೇಕು. ಗಟ್ಟಿ ರಿಸೀವರಿನಲ್ಲಿ ಮರೆ ಕೊರೆಯುವ ಟ್ಯಾಪ್ ಮುರಿಯುವ ಅಪಾಯವೂ ಇದೆ. ಲೇತ್, ಮಿಲ್ಲಿಂಗ್ ಇಲ್ಲದ ಕಡೆ ಇದನ್ನು ಕೈಗೆತ್ತಿಕೊಳ್ಳಬೇಡಿ.

ಮೂಲ ಗುರಿಯನ್ನೇ ಇಟ್ಟುಕೊಳ್ಳುವವರಿಗೆ ಖರ್ಚೇ ಇಲ್ಲದ ಸುಧಾರಣೆ ಒಂದಿದೆ. ಈ ರೈಫಲ್‌ಗಳ ಗುರಿಯನ್ನು ಬಯೊನೆಟ್ ಸಿಕ್ಕಿಸಿಯೇ ಹೊಂದಿಸುತ್ತಿದ್ದರು. ಅದಿಲ್ಲದೆ ಹೊಡೆದರೆ ಗುಂಡು ಪಕ್ಕಕ್ಕೆ ಸರಿಯುತ್ತದೆ, 100 ಮೀಟರಿನಲ್ಲಿ ಮೇಲಕ್ಕೂ ಬೀಳುತ್ತದೆ. ಗುಂಡು ಯಾವ ಕಡೆಗೆ ಸರಿದಿದೆಯೋ ಮುಂದಿನ ಗುರಿಯನ್ನು ಅದೇ ಕಡೆಗೆ ಹಿತ್ತಾಳೆ ತುಂಡಿಟ್ಟು ತಟ್ಟಿ ಸರಿಸಿ. ಎತ್ತರಕ್ಕೆ ಲೆಕ್ಕ ಹೀಗೆ: ಎರಡು ಗುರಿಗಳ ನಡುವಿನ ಅಂತರ ಸುಮಾರು 62 ಸೆಂ.ಮೀ. 100 ಮೀಟರಿನಲ್ಲಿ 20 ಸೆಂ.ಮೀ. ಮೇಲೆ ಬೀಳುತ್ತಿದ್ದರೆ ಮುಂದಿನ ಕಡ್ಡಿ 1.24 ಮಿ.ಮೀ. ಎತ್ತರವಾಗಬೇಕು. ವೈರಿನ ಪ್ಲಾಸ್ಟಿಕ್ ಹೊದಿಕೆಯ ತುಂಡನ್ನು ಕಡ್ಡಿಗೆ ತೊಡಿಸಿ, ಬೇಕಾದಷ್ಟು ಮೇಲಕ್ಕೆ ಬಿಟ್ಟು, ಬ್ಲೇಡಿನಿಂದ ಸ್ವಲ್ಪಸ್ವಲ್ಪವೇ ಸವರುತ್ತ ಬಂದರೆ ಸಾಕು.

ಸ್ಕ್ರೂ ಬಿಗಿದು ಹಿಡಿಸುವ ಮಜಲ್ ಬ್ರೇಕ್ ಬೇಡ. ಒದೆತಕ್ಕೆ ಅದು ತುಸು ಸರಿದರೂ ಗುಂಡು ಅದರ ಅಂಚಿಗೆ ತಾಗುತ್ತದೆ. 73 ಸೆಂ.ಮೀ. ಬ್ಯಾರೆಲ್ ಕತ್ತರಿಸುವ ಯೋಚನೆಯೂ ಬೇಡ. ವೇಗ ಇಳಿಯುತ್ತದೆ, ಬೆಂಕಿ ಮತ್ತು ಸದ್ದು ಏರುತ್ತವೆ, ಕಾನೂನಿನ ಕನಿಷ್ಠ ಉದ್ದದ ಪ್ರಶ್ನೆಯೂ ಬರುತ್ತದೆ. ಒದೆತ ಕಡಿಮೆಯಾಗಬೇಕೆಂದರೆ ಬಟ್ಟಿಗೆ ತೊಡಿಸುವ ರಬ್ಬರ್ ಪ್ಯಾಡ್ ಕೊಳ್ಳಿ. ಮೂಲ ಬಟ್ ಗಿಡ್ಡವಾದ್ದರಿಂದ ಪ್ಯಾಡಿನ ಎರಡು ಸೆಂ.ಮೀ. ಹೆಚ್ಚಿನವರ ತೋಳಿಗೆ ಅಳತೆಯನ್ನೂ ಸರಿಮಾಡುತ್ತದೆ. ಈ ಪಟ್ಟಿಯಲ್ಲಿ ಅತಿ ಅಗ್ಗದ್ದೂ ಅತಿ ಉಪಯುಕ್ತವೂ ಅದೇ.

ಮರದ ಮೇಲಿನ ಕೆಂಪು ಮೆರುಗು ಅರಗಿನದು, ಸ್ಪಿರಿಟ್‌ಗೆ ಕರಗುತ್ತದೆ. ತೆಗೆದು ಕುದಿಸಿದ ಅಗಸೆ ಎಣ್ಣೆ ಹಚ್ಚುವುದಾದರೆ ತೆಳುವಾಗಿ, ಒಂದು ಕೈ ಒಣಗಿದ ಮೇಲೆ ಇನ್ನೊಂದು. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ.

ಹಳೆಯ ಮಿಲಿಟರಿ ತೋಟಾ ಬಳಸುವವರು ಹೊಸ ಭಾಗಗಳ ಜೊತೆ ಒಂದು ಅಭ್ಯಾಸ ಬದಲಿಸಬೇಕು. ಅದರ ಪ್ರೈಮರ್ ಬಿಟ್ಟುಹೋಗುವ ಉಪ್ಪು ಗಾಳಿಯ ತೇವ ಹೀರಿ ಉಕ್ಕನ್ನು ತಿನ್ನುತ್ತದೆ. ಎಣ್ಣೆ ಅದನ್ನು ಕರಗಿಸುವುದಿಲ್ಲ, ಬಿಸಿನೀರೇ ಬೇಕು. ಅದೇ ದಿನ ಚೇಂಬರ್ ಕಡೆಯಿಂದ ಆಲಿಕೆ ಇಟ್ಟು ಬಿಸಿನೀರು ಸುರಿಯಿರಿ, ಬಾಯಿ ಕೆಳಗಿರಲಿ. ಟಿಮ್ನಿಯಂಥ ಟ್ರಿಗರ್ ಇದ್ದರೆ ಅದರ ಮೈಯೊಳಗೆ ನೀರಿಳಿಯದಂತೆ ಆಲಿಕೆಗೆ ರಬ್ಬರ್ ನಳಿಕೆ ಜೋಡಿಸಿ ನೇರ ಚೇಂಬರಿಗೇ ಬಿಡಿ. ಬೋಲ್ಟಿನ ತಲೆ, ಫೈರಿಂಗ್ ಪಿನ್ ಬೇರೆ ತೊಳೆಯಿರಿ. ಒಣಗಿಸಿ ಎಣ್ಣೆ ಹಾಕಿ.

ಮೌಂಟಿನ ಸ್ಕ್ರೂಗಳ ಮರೆಗೆ ಸ್ಪಿರಿಟ್ ಹಾಕಿ ಜಿಡ್ಡು ತೆಗೆದು ನೀಲಿ ಲಾಕ್‌ಟೈಟ್ ಒಂದು ಹನಿ ಹಾಕಿ. ಕೆಂಪು ಬೇಡ, ಬಿಸಿ ಮಾಡದೆ ಅದು ಬಿಚ್ಚುವುದಿಲ್ಲ. ಆಕ್ಷನ್ ಸ್ಕ್ರೂಗಳಿಗೆ ಲಾಕ್‌ಟೈಟ್ ಬೇಡವೇ ಬೇಡ, ಮೊದಲ ಇಪ್ಪತ್ತು ಗುಂಡಿನ ನಂತರ ಅವನ್ನು ಮತ್ತೆ ಬಿಗಿಯಬೇಕಾಗುತ್ತದೆ. ಸ್ಕ್ರೂ ತಲೆಯ ಸೀಳಿಗೂ ಪಕ್ಕದ ಲೋಹಕ್ಕೂ ಸೇರುವಂತೆ ಪೇಂಟಿನಲ್ಲಿ ಒಂದು ಗೆರೆ ಎಳೆದಿಡಿ. ಗೆರೆ ಮುರಿದಿದ್ದರೆ ಸ್ಕ್ರೂ ಸಡಿಲಿದೆ. ಗುಂಡು ಚದುರತೊಡಗಿದಾಗ ಸ್ಕೋಪಿನ ಗುಬ್ಬಿ ತಿರುಗಿಸುವ ಮುನ್ನ ಆ ಗೆರೆಗಳನ್ನು ನೋಡಿ.